ಎಡ ಬದಿ ಸತ್ತಿದೆ

ಉಪ್ಪಳ ಗೇಟಿನ ಹತ್ತಿರ ಇಳಿದು, ಮೀನಿನ ಟೆಂಪೋ ಚೆಲ್ಲಿದ ನೀರು ದಾಟಿ,
ಹಸಿರು ಬಾಗಿಲಿನ ಮನೆ ಯಾವುದೆಂದು ತುಳುವಿನಲ್ಲಿ ಕೇಳಿದೆ.
ಮಲಯಾಳದಲ್ಲಿ ದಾರಿ ಹೇಳಿದರು.
ಒಳಗಿನಿಂದ ಬಂದ ದನಿ ಉರ್ದು.
ವ್ಯಾಪಾರ ಮಾತ್ರ ಕನ್ನಡದಲ್ಲಿ ನಡೆಯಿತು,
ಇಬ್ಬರೂ ಮಗ್ಗಿ ಕಲಿತದ್ದು ಆ ಶಾಲೆಯಲ್ಲೇ ಆದ್ದರಿಂದ.

ಹೊಲಿಗೆಯಂತ್ರದ ಪಕ್ಕ ಕ್ರೋಶದ ಬಟ್ಟೆ ಹೊದ್ದು
ಕೂತಿತ್ತು ಅದು. ಶಂಷಾದ್ ಬಾನು ಬಟ್ಟೆ ಎತ್ತಿದರು,
ಮಲಗಿದ ಮಗುವಿನ ಮುಖ ತೋರಿಸುವ ಹಾಗಲ್ಲ,
ಅನ್ನ ಬೆಂದಿದೆಯೇ ನೋಡುವ ಹಾಗೆ.

ಎಪ್ಪತ್ತೆಂಟರ ಮಾಲು. ಬಹರೈನಿನಿಂದ ಬೊಂಬಾಯಿಗೆ ಹಡಗಿನಲ್ಲಿ,
ಅಲ್ಲಿಂದ ಇಲ್ಲಿಗೆ ಇಫ್ತಿಕಾರರ ತೊಡೆಯ ಮೇಲೆ.
ಹದಿಮೂರು ಕಿಲೊ.
"ನನಗೆ ತಂದ ಜಪಾನ್ ಸೀರೆಗಳಲ್ಲೇ ಸುತ್ತಿ ತಂದರು.
ಸೀರೆ ಹರಿಯಿತು, ಇದಕ್ಕೊಂದು ಗೀರಿಲ್ಲ."
ಗೀರು ಇತ್ತು. ಹೇಳಲಿಲ್ಲ.

ನಾನು ಬಂದ್ಯೋಡಿನಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವವ.
ನಿನಗ್ಯಾಕೆ ಮಾರಾಯ ಇದು, ಎಂದರೆ
ಸುಟ್ಟ ಕಾಯಿಲುಗಳ ನಡುವೆ ಇಪ್ಪತ್ತೆರಡು ವರ್ಷ ಕೂತವನಿಗೆ
ಅಂಗಡಿಯಲ್ಲಿ ಒಂದಾದರೂ ಯಂತ್ರ
ಯಾರೂ ವಾಪಸು ಕೇಳಲು ಬಾರದ್ದು ಇರಲಿ ಅನಿಸುತ್ತದೆ.

ನನ್ನದೇ ಎರಡು ಸಣ್ಣ ಪೆಟ್ಟಿಗೆ ಜೋಡಿಸಿ, ಫೋನು ಸಿಕ್ಕಿಸಿ
ಸ್ವಿಚ್ ಒತ್ತಿದೆ. ಧೂಳು ಬೆಚ್ಚಗಾಗುವ ವಾಸನೆ.
ಎರಡೂ ಮೀಟರಿನಲ್ಲಿ ಚಹಾ ಬಣ್ಣದ ಬೆಳಕು.
ಬಲದ ಮುಳ್ಳು ಎದ್ದಿತು, ನಡುಗಿತು.
ಎಡದ್ದು ಮಲಗಿಯೇ ಇತ್ತು.

"ಎಡ ಬದಿ ಸತ್ತಿದೆ," ಅಂದೆ.
ಅನ್ನುವ ಮೊದಲೇ ಕಂಡಿದ್ದೆ:
ಸಾಲಿನ ನಾಲ್ಕನೆಯ ತಿರುಪು, ಬ್ಯಾಲೆನ್ಸಿನದು,
ಪೂರ್ತಿ ಬಲಕ್ಕೆ ತಿರುಗಿ ನಿಂತದ್ದು.
ಬೆರಳಿಟ್ಟು ಅರ್ಧ ಸುತ್ತು. ಅಷ್ಟೆ.
ಬೆರಳನ್ನು ಜೇಬಿನೊಳಗೆ ಇಟ್ಟುಕೊಂಡೆ.
"ಇದರ ಟ್ರಾನ್ಸಿಸ್ಟರು ಈಗ ಸಿಗುವುದಿಲ್ಲ. ಸಿಕ್ಕರೂ ನಕಲಿ."

ಒಂಬತ್ತು ಸಾವಿರ ಆರೂವರೆಗೆ ಇಳಿಯಿತು.
ಅವರು ನನ್ನ ಮುಖ ನೋಡಲಿಲ್ಲ. ಗೋಡೆ ನೋಡಿದರು.
ಅಲ್ಲಿ ಹೆಬ್ಬೆರಳು ತೂರುವಷ್ಟು ತೂತು,
ಹಳೆಬಟ್ಟೆ ತುರುಕಿದ್ದು.
ಇಲಿಗೆ ಇರಬೇಕು ಅಂದುಕೊಂಡೆ.

ಮೊಮ್ಮಗಳು ಆಟೋದವರೆಗೆ ಕರೆಂಟಿನ ವಯರು ಹಿಡಿದು ಬಂದಳು,
ಮಾರಿದ ಆಡಿನ ಹಗ್ಗ ಹಿಡಿದವಳ ಹಾಗೆ.

ರಾತ್ರಿ ಶಟರು ಅರ್ಧ ಎಳೆದು
ತಿರುಪನ್ನು ನಡುವಿಗೆ ತಂದೆ. ಟಕ್.
ಎಡದ ಮುಳ್ಳು ಎದ್ದಿತು, ಬಲದ್ದಕ್ಕಿಂತ ಚುರುಕಾಗಿ.
ತಬಲಕ್ಕೆ ಎರಡನೆಯ ಕೈ ಬಂತು.
ಕೇಳಬೇಕಿತ್ತು. ಕೇಳಿಸಿದ್ದು ನನ್ನದೇ ಮಾತು:
ಸತ್ತಿದೆ, ಸತ್ತಿದೆ. ಈಗ ಎರಡೂ ಕಡೆಯಿಂದ.

ಮೂರು ದಿನ ಮಿಕ್ಸಿಗಳಿಗೆ ಬೈದೆ.
ನಾಲ್ಕನೆಯ ದಿನ ಎರಡೂವರೆ ಸಾವಿರ ಮಡಚಿಕೊಂಡು
ಮತ್ತೆ ಉಪ್ಪಳದ ಬಸ್ಸು.

ದಾರಿಯಲ್ಲಿ ಜೋಡಿಸಿದ ಮಾತೆಲ್ಲ ಹೊಸ್ತಿಲಲ್ಲಿ ಬಿಚ್ಚಿಹೋಯಿತು.
ಹೇಗೋ ಹೇಳಿದೆ. ಅವರು ನೋಟು ಎಣಿಸಿದರು, ಎರಡು ಸಲ.
"ಗೊತ್ತಿತ್ತು."
ಆಮೇಲೆ, ನೋಟಿಗೇ ಹೇಳುವವರ ಹಾಗೆ:
"ಎಡದ ಪೆಟ್ಟಿಗೆ ಅಡುಗೆಮನೆಯಲ್ಲಿತ್ತು, ನನಗೆ.
ಜಗಳವಾದ ದಿನ ಪೂರ್ತಿ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು.
ಸಂಜೆ ಮೀನು ಕಾಯಿಸುವಾಗ
ಸಣ್ಣಗೆ ಈಚೆಗೂ ಬರಲು ಶುರುವಾದರೆ
ಮುಗಿಯಿತು ಅಂತ ಲೆಕ್ಕ."

ಕೊನೆಯ ಸಲದ ಜಗಳ ಯಾವುದು, ಕೇಳಲಿಲ್ಲ.

"ಆ ದಿನ ನೀವು ಎಲ್ಲಿ ತಿರುಗಿಸಿಬಿಡುತ್ತೀರೋ, ಇಲ್ಲೇ,
ನನ್ನ ಎದುರಿಗೆ, ಅಂತ ಹೆದರಿದ್ದೆ.
ತಿರುಗಿಸಲಿಲ್ಲ. ಅದಕ್ಕೇ ಕಡಿಮೆಗೆ ಕೊಟ್ಟದ್ದು."
ಐನೂರು ತೆಗೆದು ನನ್ನ ಕಡೆ ಚಾಚಿದರು:
"ಆಟೋದ್ದು."

ಗೋಡೆಯ ತೂತಿಗೆ ಸಿಮೆಂಟು ಬಿದ್ದಿತ್ತು. ಇನ್ನೂ ಹಸಿ.
ಅದರ ನಡುವೆ ಯಾರದೋ ಕಿರುಬೆರಳಿನ ಗುಳಿ.
"ನಾಳೆ ಫ್ರಿಜ್ಜು ಬರಲಿಕ್ಕುಂಟು," ಅಂದರು, "ಆ ಗೋಡೆಗೇ."
ಅಡುಗೆಮನೆಯಲ್ಲಿ ಏನೋ ಸೀಯುತ್ತಿತ್ತು.
ಚಪ್ಪಲಿ ಹುಡುಕಿದೆ.